ಅರಸಾಳು ಸ್ಟೇಷನ್ನಿನ ಶಂಕರ್‌ನಾಗ್

ತಾಳಗುಪ್ಪ ರೈಲು ಶಿವಮೊಗ್ಗ ದಾಟುವ ಹೊತ್ತಿಗೆ ಬೋಗಿಯಲ್ಲಿ ಅರ್ಧ ಜನ ಇಳಿದುಹೋಗಿರುತ್ತಾರೆ. ಉಳಿಯುವವರು ನಮ್ಮಂಥವರು. ಸಾಗರದ ಕಡೆಯವರು, ಸಿದ್ದಾಪುರದವರು, ಮತ್ತೆ ಜೋಗ ನೋಡೋಕೆ ಅಂತ ಬೆಂಗಳೂರಿಂದ ಗುಂಪು ಕಟ್ಟಿಕೊಂಡು ಬಂದ ಹುಡುಗರು. ಕುಂಸಿ ಕಳೆದ ಮೇಲೆ ಎರಡೂ ಬದಿ ಕಾಡು. ಆಮೇಲೆ ಒಂದು ಸಣ್ಣ ಸ್ಟೇಷನ್ನು, ಹೆಂಚಿನ ಮಾಡಿನ ಹಳೇ ಕಟ್ಟಡ. ಅದು ಹೊಸನಗರ ತಾಲ್ಲೂಕಿನ ಅರಸಾಳು.

ಒಂದು ಸಲ ಊರಿಗೆ ಹೋಗುವಾಗ ನಮ್ಮ ರೈಲು ಅಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಎದುರಿನ ಸೀಟಿನಲ್ಲಿದ್ದ ಹುಡುಗ ಕಿಟಕಿಯಿಂದ ಬಗ್ಗಿ ನೋಡಿ, "ಅಂಕಲ್, ಮಾಲ್ಗುಡಿ ಅಂತ ಬರ್ದಿದಾರಲ್ಲ, ಅದು ನಿಜವಾದ ಊರಾ?" ಅಂದ. ಅಂಕಲ್ ಅಂದಿದ್ದಕ್ಕೆ ಬೇಜಾರಾಯಿತು, ಅದಿರಲಿ. ಇಲ್ಲಪ್ಪ, ಅದು ಆರ್. ಕೆ. ನಾರಾಯಣ್ ಕಟ್ಟಿದ ಊರು, ಇಲ್ಲಿ ಶೂಟಿಂಗ್ ಮಾಡಿದ್ದು ಶಂಕರ್‌ನಾಗ್ ಅಂದೆ. ಅವನು ಒಂದು ಕ್ಷಣ ಯೋಚಿಸಿ, "ಓ, ಆಟೋ ಹಿಂದೆ ಇರ್ತಾರಲ್ಲ, ಅವ್ರಾ?" ಅಂದ.

ಹೌದು, ಅವರೇ.

ಆ ಹುಡುಗನ ತಪ್ಪೇನಿಲ್ಲ. ಬೆಂಗಳೂರಿನಲ್ಲಿ ಶಂಕರ್‌ನಾಗ್ ಅಂದರೆ ಆಟೋ ಹಿಂದಿನ ಸ್ಟಿಕ್ಕರು. 1980ರ 'ಆಟೋ ರಾಜ'ದಿಂದ ಶುರುವಾದ ನಂಟು ಅದು. ಅದು ಬಿಟ್ಟರೆ ಪ್ರತಿ ನವೆಂಬರ್ 9ಕ್ಕೆ ವಾಟ್ಸಾಪಿನಲ್ಲಿ ಬರುವ ಮೆಟ್ರೋ ಕಥೆ, ನಂದಿ ಬೆಟ್ಟದ ರೋಪ್‌ವೇ ಕಥೆ. ಅವೂ ಇರಲಿ. ಆದರೆ ಈ ಮನುಷ್ಯ ಮೊದಲಿಂದ ಕೊನೇವರೆಗೂ ನಾಟಕದವನಾಗಿದ್ದ ಅನ್ನುವುದು ಈ ಸ್ಟಿಕ್ಕರು, ಫಾರ್ವರ್ಡುಗಳ ಮಧ್ಯೆ ಎಲ್ಲೋ ಕಳೆದುಹೋಗಿದೆ. ನನ್ನ ಪ್ರಕಾರ 'ಮಾಲ್ಗುಡಿ ಡೇಸ್' ಇಷ್ಟು ವರ್ಷ ಉಳಿದಿರುವುದಕ್ಕೆ ಕಾರಣವೇ ಅದು. ಒಂದು ನಾಟಕ ತಂಡ ಮಲೆನಾಡಿಗೆ ಬಂದು ಕ್ಯಾಂಪ್ ಹಾಕಿದ ಹಾಗೆ ಆ ಸೀರಿಯಲ್ ಆಯಿತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಶಂಕರ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದ ಕಡೆ. ಅಂದರೆ ನಮ್ಮ ಸಾಗರದಿಂದ ಘಟ್ಟ ಇಳಿದರೆ ಸಿಗುವ ಊರು. ಬೆಳೆದು ನಾಟಕ ಹಿಡಿದದ್ದು ಬೊಂಬಾಯಿಯಲ್ಲಿ, ಅದೂ ಮರಾಠಿ ರಂಗಭೂಮಿಯಲ್ಲಿ. ಎಪ್ಪತ್ತರ ದಶಕದ ಆ ಮರಾಠಿ ರಂಗಭೂಮಿಯನ್ನು ನಾವು ಕನ್ನಡದವರು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡಬೇಕು. ತೆಂಡೂಲ್ಕರ್, ಎಲಕುಂಚವಾರ್, ದಳವಿ ಬರೆಯುತ್ತಿದ್ದ ಕಾಲ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ನಾಟಕ ನೋಡುವ ಮಧ್ಯಮವರ್ಗ ಅಲ್ಲಿತ್ತು. ಹಗಲು ಎಲ್ಲೋ ಕೆಲಸ, ಸಂಜೆ ರಿಹರ್ಸಲ್, ಭಾನುವಾರ ಶೋ. ಅಣ್ಣ ಅನಂತ್ ಅದೇ ದಾರಿಯಲ್ಲಿ ಮುಂದಿದ್ದರು. ಅರುಂಧತಿ ರಾವ್ ಸಿಕ್ಕಿದ್ದೂ ಅದೇ ನಾಟಕದ ವಲಯದಲ್ಲಿ. ಅಲ್ಲಿಂದಲೇ ಶಂಕರ್ ಒಂದು ಮರಾಠಿ ಸಿನಿಮಾದ ಚಿತ್ರಕಥೆಗೂ ಕೈ ಹಾಕಿದರು. ಪುಣೆಯ ಚಾಪೇಕರ್ ಸಹೋದರರು ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ನನ್ನು ಕೊಂದ ಕಥೆ ಅದು, '22 ಜೂನ್ 1897'.

ಆಮೇಲೆ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ'. 1978. ಕೂಲಿಗೆ ಕತ್ತಿ ಹಿಡಿಯುವ ಸೈನಿಕ ಗಂಡುಗಲಿಯ ಪಾತ್ರ. ಶಂಕರ್‌ಗೆ ಆಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಯೂಟ್ಯೂಬಿನಲ್ಲಿ ಸಿಕ್ಕರೆ ನೋಡಿ. ಅವರು ನಿಲ್ಲುವ ರೀತಿ ನೋಡಿ. ಮಾತಿಲ್ಲದಾಗ ಸುಮ್ಮನಿರುವ ರೀತಿ ನೋಡಿ. ರಂಗದ ಮೇಲೆ ಬೇರೆಯವರು ಮಾತಾಡುವಾಗ ತಾನೇನು ಮಾಡಬೇಕು ಅಂತ ಕಲಿತವನಿಗೆ ಮಾತ್ರ ಆ ಸುಮ್ಮನಿರುವಿಕೆ ಬರುತ್ತದೆ. ಸುಂದರ ಕೃಷ್ಣ ಅರಸು ಎದುರಿಗಿದ್ದಾರೆ, ಆ ದನಿಯ ಮುಂದೆ ಯಾರಾದರೂ ಸಣ್ಣಗಾಗಬೇಕಿತ್ತು. ಈ ಹುಡುಗ ಆಗಲಿಲ್ಲ.

ಇಂಥ ಪ್ರಶಸ್ತಿ ಬಂದ ನಟನಿಗೆ ಮುಂದೇನು? ಬೇರೆ ದೇಶದಲ್ಲಾದರೆ ಒಂದು ದಾರಿ ಇತ್ತು. ಇಂಗ್ಲೆಂಡಿನಲ್ಲಿ ಒಬ್ಬ ನಟ ಒಂದು ವರ್ಷ ಶೇಕ್ಸ್‌ಪಿಯರ್ ಮಾಡಿ, ಮುಂದಿನ ವರ್ಷ ಬಿಬಿಸಿಯ ಧಾರಾವಾಹಿಯಲ್ಲಿ ಪಾದ್ರಿಯಾಗಿಯೋ ಪೊಲೀಸನಾಗಿಯೋ ಬಂದು, ಮತ್ತೆ ರಂಗಕ್ಕೆ ವಾಪಸ್ ಹೋಗಬಹುದು. ಸ್ಟೇಜ್ ಮತ್ತು ಟಿವಿ ಎರಡನ್ನೂ ಹಿಡಿದು ಮೂವತ್ತು ನಲವತ್ತು ವರ್ಷ ಹೀಗೇ ಬದುಕಿದವರು ಅಲ್ಲಿದ್ದಾರೆ. ಸ್ಟಾರ್ ಆಗಬೇಕಿಲ್ಲ, ನಟರಾಗಿದ್ದರೆ ಸಾಕು. 1979ರ ಕರ್ನಾಟಕದಲ್ಲಿ ಏನಿತ್ತು? ನಮ್ಮ ಊರುಗಳಲ್ಲಿ ಟಿವಿಯೇ ಇರಲಿಲ್ಲ. ಗುಬ್ಬಿ ಕಂಪನಿಯಂಥ ವೃತ್ತಿ ರಂಗಭೂಮಿ ಮುಗಿಯುತ್ತಾ ಬಂದಿತ್ತು. ಹವ್ಯಾಸಿ ತಂಡಗಳು ಕೈಯಿಂದ ಹಾಕಿ ನಾಟಕ ಮಾಡುತ್ತಿದ್ದವು. ಉಳಿದದ್ದು ಸಿನಿಮಾ ಒಂದೇ.

ಶಂಕರ್ ಸಿನಿಮಾಕ್ಕೆ ಹೋದರು. 1990ರವರೆಗಿನ ಹನ್ನೆರಡು ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರ. ಅದರಲ್ಲಿ ಬಹಳಷ್ಟನ್ನು ಇವತ್ತು ಕೂತು ನೋಡೋದು ಕಷ್ಟ. ಅಭಿಮಾನಿಗಳು ಕ್ಷಮಿಸಬೇಕು, ನಾನೂ ಅಭಿಮಾನಿಯೇ. ಕರಾಟೆ ಗೊತ್ತಿಲ್ಲದ ಮನುಷ್ಯನಿಗೆ ಕರಾಟೆ ಕಿಂಗ್ ಅಂತ ಬಿರುದು ಕೊಟ್ಟ ಕಾಲ ಅದು. ಆದರೆ ಅದೇ ಹೊತ್ತಿಗೆ ಇನ್ನೊಂದು ಕೆಲಸವೂ ನಡೆದಿತ್ತು. ಬೆಂಗಳೂರಿಗೆ ಬಂದವರೇ ಅನಂತ್, ಅರುಂಧತಿ ಜೊತೆ 'ಸಂಕೇತ್' ನಾಟಕ ತಂಡ ಕಟ್ಟಿದರು. ಮೊದಲ ನಾಟಕ ಕಾರ್ನಾಡರ 'ಅಂಜುಮಲ್ಲಿಗೆ'. ಇಂಗ್ಲೆಂಡಿಗೆ ಓದಲು ಹೋದ ಕನ್ನಡದ ಅಣ್ಣ ತಂಗಿಯ ಕಥೆ ಅದು, ಕಷ್ಟದ ನಾಟಕ, ಮುಜುಗರ ಹುಟ್ಟಿಸುವ ನಾಟಕ. ಆಮೇಲೆ ಜಯವಂತ ದಳವಿಯವರ 'ಬ್ಯಾರಿಸ್ಟರ್', 'ಸಂಧ್ಯಾ ಛಾಯಾ'. ರಮೇಶ್ ಭಟ್ ಜೊತೆ ಸೇರಿ 'ನೋಡಿ ಸ್ವಾಮಿ ನಾವಿರೋದು ಹೀಗೆ'. 'ಆಟ ಬೊಂಬಾಟ'. ಕೊನೆಯದು 'ನಾಗಮಂಡಲ'. ಇವೆಲ್ಲ ಪೋಸ್ಟರಿನಲ್ಲಿ ಅವರ ಮುಖ ಗೋಡೆ ತುಂಬಾ ಇದ್ದ ವರ್ಷಗಳಲ್ಲೇ ಆದ ನಾಟಕಗಳು. ಹಗಲು ಫೈಟಿಂಗ್ ಸೀನು, ರಾತ್ರಿ ರಿಹರ್ಸಲ್. ನಾವು ಈಗ ಎರಡು ಮೀಟಿಂಗ್ ಮಧ್ಯೆ ಊಟ ಮಾಡೋದಕ್ಕೇ ಕಷ್ಟ ಅಂತೀವಿ.

ಸಿನಿಮಾದ ನಿರ್ದೇಶನದಲ್ಲೂ ಇದು ಕಾಣುತ್ತದೆ. 'ಮಿಂಚಿನ ಓಟ' (1980), ಮೂರು ಜನ ಕಳ್ಳರ ಕಥೆ, ಮುಖ್ಯ ಪಾತ್ರಗಳನ್ನು ಎರಡು ಕೈಯಲ್ಲಿ ಎಣಿಸಿ ಮುಗಿಸಬಹುದು. 'ಆಕ್ಸಿಡೆಂಟ್'ನಲ್ಲಿ ಹಾಡಿಲ್ಲ. ಸಣ್ಣ ತಂಡ, ಒಬ್ಬರನ್ನೊಬ್ಬರು ಬಲ್ಲ ನಟರು, ಕಮ್ಮಿ ಸಾಮಾನು. ಇದು ನಾಟಕದವರ ಲೆಕ್ಕ.

ಈ ಲೆಕ್ಕವೇ ಎಂಬತ್ತರ ದಶಕದ ನಡುವೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ ಬಂತು. ನಿರ್ಮಾಪಕ ಟಿ. ಎಸ್. ನರಸಿಂಹನ್, ದೂರದರ್ಶನಕ್ಕೆ ಆರ್. ಕೆ. ನಾರಾಯಣ್ ಕಥೆಗಳು. ನಾರಾಯಣ್‌ಗೆ ಸಿನಿಮಾದವರು ಅಂದರೆ ಆಗಲೇ ಸಾಕುಸಾಕಾಗಿತ್ತು. ದೇವಾನಂದರ 'ಗೈಡ್' ತನ್ನ ಕಾದಂಬರಿಯನ್ನು ಏನು ಮಾಡಿತು ಅಂತ ಒಂದು ಇಡೀ ಪ್ರಬಂಧ ಬರೆದು ಹಲ್ಲು ಕಡಿದುಕೊಂಡಿದ್ದರು. ಅವರ ಸಣ್ಣ ಊರನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋಗಿದ್ದರಲ್ಲ, ಅದೇ ಸಿಟ್ಟು. ಕನ್ನಡದಲ್ಲಿ ಮಾತ್ರ ನಾಗಾಭರಣ, ಲೋಕೇಶ್ ಸೇರಿ 'ಬ್ಯಾಂಕರ್ ಮಾರ್ಗಯ್ಯ' (1983) ಮಾಡಿ ಆ ಊರಿನ ಅಳತೆ ಏನು ಅಂತ ತೋರಿಸಿದ್ದರು. ಲೋಕೇಶ್ ಕೂಡ ನಾಟಕದಿಂದ ಬಂದವರು ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ.

'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾದದ್ದು 1935ರಲ್ಲಿ, ಲಂಡನ್ನಿನಲ್ಲಿ, ಗ್ರಹಾಂ ಗ್ರೀನ್ ಮುತುವರ್ಜಿಯಿಂದ. ಕಥೆ ನಡೆಯುವುದು ಅದಕ್ಕೂ ಸ್ವಲ್ಪ ಮೊದಲು, ಬ್ರಿಟಿಷರ ಕಾಲದಲ್ಲಿ. ಐವತ್ತು ವರ್ಷ ಹಿಂದಿನ ಆ ಊರನ್ನು ಎಲ್ಲಿ ಹುಡುಕುವುದು? ಮೈಸೂರು ಆಗಲೇ ಬದಲಾಗಿತ್ತು. ಆಗುಂಬೆ ಬದಲಾಗಿರಲಿಲ್ಲ. ಒಂದೇ ಪೇಟೆ ಬೀದಿ, ಹೆಂಚಿನ ಮನೆಗಳು, ಮರದ ಕಂಬದ ಜಗಲಿಗಳು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಯಾರೂ ಬೇಗ ಬೇಗ ಹೊಸ ಕಟ್ಟಡ ಎಬ್ಬಿಸುವುದಿಲ್ಲ, ಇದ್ದ ಮಾಡನ್ನು ಕಾಪಾಡಿಕೊಂಡರೆ ಸಾಕಾಗಿರುತ್ತದೆ. ಅಲ್ಲಿನ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಶತಮಾನ ದಾಟಿದ ತೊಟ್ಟಿಮನೆ. ಕಲಾ ನಿರ್ದೇಶಕ ಜಾನ್ ದೇವರಾಜ್ ಇದ್ದ ಊರಿಗೇ ಅಲ್ಲಲ್ಲಿ ಬೋರ್ಡು, ಅಂಗಡಿ, ಸಾಮಾನು ಸೇರಿಸಿ ಮಾಲ್ಗುಡಿ ಮಾಡಿದರು. ರೈಲಿಗೆ ಮಾತ್ರ ಆಗುಂಬೆಯಲ್ಲಿ ದಾರಿಯಿಲ್ಲವಲ್ಲ. ಅದಕ್ಕೆ ಅರಸಾಳು. ಆಗ ಶಿವಮೊಗ್ಗ ತಾಳಗುಪ್ಪ ಲೈನು ಇನ್ನೂ ಮೀಟರ್‌ಗೇಜು, ಸ್ಟೇಷನ್ನು ಕಾಡಿನ ಮಧ್ಯೆ. ತಮಾಷೆ ಏನಂದರೆ ಅರಸಾಳಿಗೆ ಹತ್ತಿರದ ಪೇಟೆ ರಿಪ್ಪನ್‌ಪೇಟೆ. ವೈಸರಾಯ್ ಲಾರ್ಡ್ ರಿಪ್ಪನ್ ಹೆಸರಿನ ಊರು. ಲಾಲೆ ಎಕ್ಸ್‌ಟೆನ್ಷನ್ ಅಂತ ಬಡಾವಣೆ ಇರುವ ಕಲ್ಪಿತ ಊರಿಗೆ ಇದಕ್ಕಿಂತ ಒಳ್ಳೆ ನೆರೆ ಸಿಗುತ್ತಿರಲಿಲ್ಲ.

ಈಗ ನಟರನ್ನು ನೋಡಿ. ಸ್ವಾಮಿಯ ಅಪ್ಪ ಗಿರೀಶ ಕಾರ್ನಾಡ್. ಅಮ್ಮ ವೈಶಾಲಿ ಕಾಸರವಳ್ಳಿ. 'ಮಿಠಾಯಿವಾಲಾ'ದಲ್ಲಿ ಅನಂತ್‌ನಾಗ್. ಜೊತೆಗೆ ರಮೇಶ್ ಭಟ್, ಅರುಂಧತಿ ನಾಗ್. ಇವರೆಲ್ಲ ರಂಗದ ಮೇಲೆ ಬೆವರು ಸುರಿಸಿದವರು. ವೈಶಾಲಿಯವರಂತೂ ತೀರ್ಥಹಳ್ಳಿಯ ಸೊಸೆ. ಗಿರೀಶ ಕಾಸರವಳ್ಳಿ ಹುಟ್ಟಿದ್ದು ಆ ತಾಲ್ಲೂಕಿನ ಕೆಸಲೂರಿನಲ್ಲಿ. ಆ ಅಮ್ಮನ ಪಾತ್ರಕ್ಕೆ ಮಾತು ಎಷ್ಟಿದೆ? ಬಹಳ ಕಮ್ಮಿ. ಆದರೆ ಅಪ್ಪ ಗದರುವಾಗ ಆಕೆ ಒಳಗಿಂದ ಬರುವುದು, ಬಾಗಿಲಲ್ಲಿ ನಿಲ್ಲುವುದು, ಮಗನ ಕಡೆ ನೋಡದೆ ಮಗನ ಪರ ಇರುವುದು. ನಮ್ಮ ಮನೆಗಳ ಅಮ್ಮಂದಿರು ಹಾಗೇ ಇದ್ದದ್ದು. ವೈಶಾಲಿ ಆಮೇಲೆ ಕನ್ನಡ ಟಿವಿಯಲ್ಲಿ 'ಮೂಡಲಮನೆ', 'ಮುತ್ತಿನ ತೋರಣ' ನಿರ್ದೇಶಿಸಿದರು, 'ತಾಯಿ ಸಾಹೇಬ'ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು, 2010ರಲ್ಲಿ ತೀರಿಕೊಂಡರು. ರಂಗಭೂಮಿ ಮತ್ತು ಟಿವಿ ಎರಡನ್ನೂ ಹಿಡಿದ ನಟಿ ಅಂತ ಕನ್ನಡದಲ್ಲಿ ಹುಡುಕಿದರೆ ಮೊದಲು ಬರಬೇಕಾದ ಹೆಸರು ಅದು. ಅವರ ಬಗ್ಗೆ ಯಾರಾದರೂ ಒಂದು ಇಡೀ ಪುಸ್ತಕ ಬರೆಯಬೇಕು.

ಇನ್ನೊಂದು ವಿಷಯ. 'ಮಾಲ್ಗುಡಿ ಡೇಸ್' ಕನ್ನಡದ ಧಾರಾವಾಹಿ ಅಲ್ಲ. ಹಿಂದಿಯಲ್ಲಿ ತೆಗೆದರು, ಮೊದಲ 13 ಕಂತು ಇಂಗ್ಲಿಷಿನಲ್ಲೂ ಬಂತು. ಅಂದರೆ ಮೈಸೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದ ತಮಿಳು ಮನೆತನದ ಲೇಖಕ, ಅದನ್ನು ಮಲೆನಾಡಿನಲ್ಲಿ ಕನ್ನಡದ ನಟರು ಹಿಂದಿಯಲ್ಲಿ ಆಡಿದ್ದು, ನೋಡಿದ್ದು ಇಡೀ ದೇಶ. ಎರಡು ಭಾಷೆಯ ಕಂತು ಅಂದರೆ ಒಂದೇ ದೃಶ್ಯವನ್ನು ಎರಡು ಸಲ, ಎರಡು ಉಸಿರಿನಲ್ಲಿ ಆಡಬೇಕು. ಮಾತು ಬದಲಾದರೆ ಕೈ ಎಲ್ಲಿ ಹೋಗಬೇಕು, ಯಾವಾಗ ತಿರುಗಬೇಕು ಎಲ್ಲ ಬದಲಾಗುತ್ತದೆ. ಇದು ಮರಾಠಿ, ಕನ್ನಡ, ಕೊಂಕಣಿ ಮಧ್ಯೆ ಓಡಾಡಿಕೊಂಡೇ ಬೆಳೆದ ನಾಟಕದವರಿಗೆ ಹೊಸದಲ್ಲ. ಶಂಕರ್ ನಿರ್ದೇಶಿಸಿದ್ದು ಒಟ್ಟು 39 ಕಂತು. ಎಷ್ಟೋ ವರ್ಷದ ಮೇಲೆ, 2006ರಲ್ಲಿ, ಕವಿತಾ ಲಂಕೇಶ್ ಇನ್ನೂ 15 ಮಾಡಿದರು.

ಇವತ್ತು ಮತ್ತೆ ನೋಡುವಾಗ ನನಗೆ ಹೊಳೆಯುವುದು ಒಂದೇ. ಅದರಲ್ಲಿ ಕ್ಯಾಮೆರಾ ನಟರಿಗೆ ಕಾಯುತ್ತದೆ. ಜಗಲಿಯ ಒಂದು ಕಂಬ, ಒಂದು ಬೆಂಚು, ಎರಡು ಬಾಗಿಲು, ಅಷ್ಟರಲ್ಲೇ ಇಡೀ ದೃಶ್ಯ. ಈಗಿನ ಸೀರಿಯಲ್ಲಿನ ಹಾಗೆ ಒಬ್ಬೊಬ್ಬರ ಮುಖಕ್ಕೆ ಮೂರು ಸಲ ಜೂಮ್ ಹೋಗುವುದಿಲ್ಲ. ಎಲ್. ವೈದ್ಯನಾಥನ್ ಅವರ ಸಂಗೀತವೂ ಶೀರ್ಷಿಕೆ ಮುಗಿದ ಮೇಲೆ ಮರ್ಯಾದೆಯಿಂದ ಪಕ್ಕಕ್ಕೆ ನಿಲ್ಲುತ್ತದೆ. ಶೀರ್ಷಿಕೆಯಲ್ಲಿ ಬರುವ ಆರ್. ಕೆ. ಲಕ್ಷ್ಮಣ್ ಚಿತ್ರಗಳಿಗೂ ಒಳಗಿನ ಮನುಷ್ಯರಿಗೂ ಎಲ್ಲೂ ಜಗಳವಿಲ್ಲ.

ಇದೇ ಹೊತ್ತಿಗೆ ಆಗುಂಬೆಯಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ನಮ್ಮ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, ಇನ್ನೊಬ್ಬರು ಇದೇ ಪ್ರಶ್ನೆಗೆ ಬೇರೆ ಉತ್ತರ ಬರೆಯುತ್ತಿದ್ದರು. ಕೆ. ವಿ. ಸುಬ್ಬಣ್ಣ. 1949ರಲ್ಲಿ ಊರಿನ ಗೆಳೆಯರ ಜೊತೆ ಶುರು ಮಾಡಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ತರಬೇತಿ ಮುಗಿಸಿದ ಹುಡುಗ ಹುಡುಗಿಯರು ಮುಂದೇನು ಮಾಡಬೇಕು? ಅದಕ್ಕೆ 1985ರಲ್ಲಿ ತಿರುಗಾಟ. ಒಂದು ಪುಟ್ಟ ತಂಡ, ಕೆಲವು ನಾಟಕ, ತಿಂಗಳುಗಟ್ಟಲೆ ಊರೂರು ಸುತ್ತುವುದು. ನಟನಿಗೆ ಸಂಬಳ. ಈ ಕೊನೆಯ ಎರಡು ಪದ ಎಷ್ಟು ದೊಡ್ಡದು ಅಂತ ನಾಟಕದ ಹುಚ್ಚು ಹಿಡಿದ ಮಗ ಇರುವ ಅಡಿಕೆ ತೋಟದ ಅಪ್ಪಂದಿರನ್ನು ಕೇಳಿ. 1991ರಲ್ಲಿ ಸುಬ್ಬಣ್ಣರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಊರಲ್ಲಿ ಜನ ಲೆಕ್ಕ ಇಟ್ಟದ್ದು ಈ ವರ್ಷ ತಿರುಗಾಟ ಯಾವಾಗ ಬರುತ್ತೆ ಅನ್ನೋದನ್ನ.

ನನ್ನ ಅತ್ತೆ ಮಗ, ಭಾವ ಅಂತ ಕರೆಯೋದು, ಒಂದು ವರ್ಷ ತಿರುಗಾಟದಲ್ಲಿದ್ದ. ಅವನು ಹೇಳುತ್ತಿದ್ದ ದಿನಚರಿ ಇಷ್ಟು. ಬೆಳಿಗ್ಗೆ ಹೊಸ ಊರು. ಲಾರಿಯಿಂದ ಸೆಟ್ಟು ಇಳಿಸೋದು, ಲೈಟು ಕಟ್ಟೋದು. ಸಂಜೆ ಬಣ್ಣ. ರಾತ್ರಿ ಆಟ. ಆಟ ಮುಗಿದ ಮೇಲೆ ರಾಜನ ಕಿರೀಟ ತೆಗೆದಿಟ್ಟು ಅದೇ ರಾಜನೇ ಪ್ಲೈವುಡ್ ಹೊತ್ತು ಲಾರಿಗೆ ಹಾಕೋದು. "ನಿದ್ದೆ ಮಾತ್ರ ಎಲ್ಲೂ ಸರಿ ಆಗ್ಲಿಲ್ಲ ಮಾರಾಯ, ಆದ್ರೆ ಒಂದ್ ದಿನಾನೂ ನಾನ್ ಯಾರು ಅಂತ ಅನುಮಾನ ಬರ್ಲಿಲ್ಲ" ಅಂತಿದ್ದ. ನಾನೂ ಹೋಗಬೇಕು ಅಂತಿದ್ದೆ. ಅಪ್ಪ ಬೈಯಲಿಲ್ಲ. ಕವಳದ ತಟ್ಟೆ ಪಕ್ಕಕ್ಕೆ ಸರಿಸಿ, "ನಾಟಕ ಮಾಡು ತಮಾ, ನಾಟಕದವನಾಗಬೇಡ" ಅಂದರು. ನಾನು ಇಂಜಿನಿಯರಿಂಗ್ ಸೇರಿದೆ. ಅಪ್ಪನ ಮಾತು ತಪ್ಪು ಅಂತ ಇವತ್ತೂ ಹೇಳಲಾರೆ, ಸರಿ ಅಂತಲೂ ಹೇಳಲಾರೆ.

ಭಾವ ಬೆಂಗಳೂರಿಗೆ ಬಂದು ಸೀರಿಯಲ್ಲಿಗೆ ಸೇರಿದ. ಮೊದಲು ನಾಯಕಿಯ ಅಣ್ಣ, ಆಮೇಲೆ ವಕೀಲ, ಈಗ ಮಾವ. ನಲವತ್ತಾಗಿಲ್ಲ, ತಲೆಗೆ ಬಿಳಿ ಬಣ್ಣ. ದಿನಕ್ಕಿಷ್ಟು ಅಂತ ಪೇಮೆಂಟು, ಅದೂ ಬಂದಾಗ ಬಂತು. ಒಂದು ಧಾರಾವಾಹಿಯಲ್ಲಂತೂ ಅವನ ಪಾತ್ರ ಸತ್ತ ಸುದ್ದಿ ಅವನಿಗೆ ಗೊತ್ತಾಗಿದ್ದು ಟಿವಿಯಲ್ಲಿ ಪ್ರೋಮೋ ನೋಡಿದಾಗ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವನೂ ನಕ್ಕ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸುಬ್ಬಣ್ಣ ಮತ್ತು ಶಂಕರ್‌ನಾಗ್ ಇಬ್ಬರನ್ನೂ ನಾನು ಪಕ್ಕ ಪಕ್ಕ ಇಟ್ಟು ನೋಡುವುದು ಇದಕ್ಕೇ. ಸುಬ್ಬಣ್ಣ ಊರು ಬಿಡಲಿಲ್ಲ, ಸಂಸ್ಥೆ ಕಟ್ಟಿದರು, ತಮ್ಮ ನಂತರವೂ ನಡೆಯುವ ಹಾಗೆ ಕಟ್ಟಿದರು. 2005ರಲ್ಲಿ ಅವರು ಹೋದ ಮೇಲೂ ತಿರುಗಾಟದ ಲಾರಿ ಹೊರಟಿದೆ. ಶಂಕರ್ ಒಬ್ಬರೇ ಎಲ್ಲವನ್ನೂ ಎಳೆದರು. ನಾಟಕ ತಂಡ, ಸಿನಿಮಾ, ಧಾರಾವಾಹಿ, ಬೆಂಗಳೂರಿನಲ್ಲೊಂದು ರೆಕಾರ್ಡಿಂಗ್ ಸ್ಟುಡಿಯೋ, ಊರಾಚೆ ಒಂದು ಕಂಟ್ರಿ ಕ್ಲಬ್ಬು. ಹಾಡು ರೆಕಾರ್ಡ್ ಮಾಡೋಕೆ ಮದ್ರಾಸಿಗೆ ಯಾಕೆ ಹೋಗಬೇಕು ಅಂತ ಕೇಳಿ ಸುಮ್ಮನಾಗುವ ಜಾತಿಯಲ್ಲ, 'ಸಂಕೇತ್' ಸ್ಟುಡಿಯೋ ತೆರೆದೇ ತೆರೆದರು. ಇಂಗ್ಲೆಂಡಿನ ನಟನಿಗೆ ಇದ್ದ ವ್ಯವಸ್ಥೆ ನಮ್ಮಲ್ಲಿಲ್ಲ ಅಂದರೆ ಆ ವ್ಯವಸ್ಥೆಯನ್ನೇ ಸ್ವಂತ ಬೆನ್ನ ಮೇಲೆ ಹೊರಲು ಹೊರಟ ಹಾಗಿತ್ತು ಅದು. ಅವರ ವೇಗದ ಬಗ್ಗೆ ಎಲ್ಲರೂ ಮೆಚ್ಚಿ ಮಾತಾಡುತ್ತಾರೆ. ನನಗೆ ಅದನ್ನು ಕೇಳುವಾಗೆಲ್ಲ ಸ್ವಲ್ಪ ಸಂಕಟ. ಅಷ್ಟು ಓಡಬೇಕಾದ ಅಗತ್ಯ ಒಬ್ಬ ನಟನಿಗೆ ಯಾಕೆ ಬರಬೇಕು?

1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡು. 'ಜೋಕುಮಾರಸ್ವಾಮಿ'ಯ ಕೆಲಸಕ್ಕೆ ಹೊರಟಿದ್ದ ಕಾರು. ಜೋಕುಮಾರಸ್ವಾಮಿ ಕೂಡ ಮೂಲದಲ್ಲಿ ನಾಟಕವೇ, ಕಂಬಾರರದು. ಶಂಕರ್‌ಗೆ ಮೂವತ್ತಾರು ತುಂಬಿರಲಿಲ್ಲ. ಜೊತೆಗಿದ್ದ ಅರುಂಧತಿ ತೀವ್ರವಾಗಿ ಗಾಯಗೊಂಡರು, ಬಹಳ ಕಾಲ ಹಾಸಿಗೆ ಹಿಡಿದರು. ಆಮೇಲೆ ಎದ್ದು, ವರ್ಷಗಟ್ಟಲೆ ದುಡ್ಡು ಕೂಡಿಸಿ, 2004ರಲ್ಲಿ ಜೆ. ಪಿ. ನಗರದಲ್ಲಿ ರಂಗಶಂಕರ ತೆರೆದರು.

ಅಲ್ಲಿಗೆ ನೀವೆಲ್ಲ ಹೋಗಿರ್ತೀರಿ. ಅಕ್ಕಿ ರೊಟ್ಟಿ, ಸಾಬುದಾನಿ ವಡೆ ತಿಂದಿರ್ತೀರಿ, ಲೇಟಾಗಿ ಬಂದು ಒಳಗೆ ಬಿಡದೆ ಬೈದುಕೊಂಡಿರ್ತೀರಿ. ಆ ಕಟ್ಟುನಿಟ್ಟು ನನಗೆ ಇಷ್ಟ. ವರ್ಷವಿಡೀ ನಾಟಕ ಇರುವ ಒಂದು ಜಾಗ, ಕೈಗೆಟುಕುವ ಟಿಕೆಟು, ಸಮಯಕ್ಕೆ ಸರಿಯಾಗಿ ಪರದೆ. ಶಂಕರ್‌ಗೆ ಬೊಂಬಾಯಿಯಲ್ಲಿ ಸಿಕ್ಕಿದ್ದು, ಬೆಂಗಳೂರಿನಲ್ಲಿ ಸಿಗದೇ ಇದ್ದದ್ದು ಅದೇ ಅಲ್ಲವಾ? ನಾನು ನೀನಾಸಂ ತಿರುಗಾಟದ ನಾಟಕವನ್ನು ಊರು ಬಿಟ್ಟ ಮೇಲೆ ಮೊದಲ ಸಲ ನೋಡಿದ್ದು ಅಲ್ಲಿಯೇ. ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ಅಪ್ಪನ ಪಕ್ಕ ಕೂತು ನಿದ್ದೆ ತಡೆದುಕೊಂಡು ನೋಡುತ್ತಿದ್ದ ಅದೇ ಬಗೆಯ ನಾಟಕ, ಈಗ ಎಸಿಯಲ್ಲಿ, ಪಕ್ಕದಲ್ಲಿ ಆಫೀಸಿನ ಬ್ಯಾಡ್ಜು ತೆಗೆಯಲು ಮರೆತವರು. ಪಾತ್ರಧಾರಿಗಳ ಉಚ್ಚಾರ ಮಾತ್ರ ಬದಲಾಗಿರಲಿಲ್ಲ.

ಹೋದ ವರ್ಷ ಅಡಿಕೆ ಕೊಯ್ಲಿಗೆ ಊರಿಗೆ ಹೋದಾಗ ಭಾವನೂ ಬಂದಿದ್ದ. ಅವನ ಧಾರಾವಾಹಿ ಮುಗಿದಿತ್ತು, ಮುಂದಿನದು ಇನ್ನೂ ಗೊತ್ತಾಗಿರಲಿಲ್ಲ. ಸುಮ್ಮನೆ ಮನೆಯಲ್ಲಿ ಕೂತರೆ ಎಲ್ಲರೂ "ಈಗ ಯಾವುದ್ರಲ್ಲಿ ಬರ್ತೆ?" ಅಂತ ಕೇಳ್ತಾರೆ ಅಂತ ನಾವಿಬ್ಬರೂ ಬೈಕು ತಗೊಂಡು ಹೊರಟೆವು. ಆನಂದಪುರ ದಾಟಿ, ರಿಪ್ಪನ್‌ಪೇಟೆಯಲ್ಲಿ ಚಾ ಕುಡಿದು, ಅರಸಾಳು.

ಹಳೇ ಸ್ಟೇಷನ್ ಕಟ್ಟಡವನ್ನು 2020ರಲ್ಲಿ ರೈಲ್ವೆಯವರು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಆವತ್ತು ಮಾಲ್ಗುಡಿ ಕಟ್ಟಿದ ಜಾನ್ ದೇವರಾಜ್ ಅವರೇ ಇದಕ್ಕೂ ಕೈ ಹಾಕಿದ್ದು. ಹಾಳು ಬೀಳಬೇಕಿದ್ದ ಕಟ್ಟಡ ಉಳಿಯಿತು, ಅಷ್ಟಕ್ಕೇ ನಾನು ಕೈ ಮುಗಿಯುತ್ತೇನೆ. ಒಳಗೆ ಧಾರಾವಾಹಿಯ ಚಿತ್ರಗಳಿವೆ, ಪಾತ್ರಗಳಿವೆ. ಬಂದವರು ಸ್ವಾಮಿಯ ಜೊತೆ ಸೆಲ್ಫಿ ತಗೋತಾರೆ. ಆಗುಂಬೆಯ ದೊಡ್ಡಮನೆಯಲ್ಲೂ ಹಾಗೇ, ಸ್ವಾಮಿ ಕೂತ ಜಗಲಿ ಯಾವುದು ಅಂತಲೇ ಮೊದಲ ಪ್ರಶ್ನೆ. ಆ ಸ್ವಾಮಿ ಮಾಸ್ಟರ್ ಮಂಜುನಾಥ್ ದೊಡ್ಡವರಾಗಿ ನಟನೆ ಬಿಟ್ಟು ಬೇರೆ ಉದ್ಯೋಗ ಹಿಡಿದರು. ಜನ ಹುಡುಕಿಕೊಂಡು ಬರುವುದು ಪಾತ್ರವನ್ನು, ನಟನನ್ನಲ್ಲ. ನಟರಿಗೆ ಇದು ಗೌರವವೋ ಅನ್ಯಾಯವೋ ಅಂತ ನನಗೆ ತೀರ್ಮಾನ ಮಾಡಲು ಆಗಿಲ್ಲ. ಭಾವನನ್ನು ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಅವನ ಗಮನ ಬೇರೆ ಕಡೆ ಇತ್ತು.

ಅವನು ಪ್ಲಾಟ್‌ಫಾರಂ ಅಂಚಿನಿಂದ ಕಟ್ಟಡದ ಬಾಗಿಲವರೆಗೆ ಹೆಜ್ಜೆ ಎಣಿಸುತ್ತಿದ್ದ. ಮತ್ತೆ ವಾಪಸ್ ಬಂದು ಆ ಕಡೆಯಿಂದ ಎಣಿಸಿದ. ಬೆಂಚಿನ ಹತ್ತಿರ ನಿಂತು ಬಾಗಿಲ ಕಡೆ ತಿರುಗಿ, ಒಂದು ಸಾಲು ಏನೋ ಸಣ್ಣ ದನಿಯಲ್ಲಿ ಹೇಳಿ ನೋಡಿದ, ಯಾವುದೋ ಹಳೇ ತಿರುಗಾಟದ ನಾಟಕದ್ದಿರಬೇಕು. ಆಮೇಲೆ ದನಿ ಎತ್ತಿ ಇನ್ನೊಂದು ಸಲ. ಅಲ್ಲಿ ಚಾ ಹಿಡಿದು ನಿಂತಿದ್ದ ಇಬ್ಬರು ತಿರುಗಿ ನೋಡಿದರು.

"ಮೂರು ಎಂಟ್ರಿ ಇದ್ದು ಇಲ್ಲಿ" ಅಂದ ಭಾವ. "ಮೈಕು ಬೇಡ. ಆದ್ರೆ ರೈಲಿನ ಟೈಮ್ ಒಂದು ನೋಡ್ಕಳವು."